ಫ್ಲೈ ಫಿಶಿಂಗ್‌ನಲ್ಲಿ ಉದ್ದ ಲೈನ್ ಬೀಸಿದಾಗ ಲೀಡರ್‌ನಲ್ಲಿ ಗಂಟು ಬೀಳುವುದೇಕೆ?

ಪ್ರಶ್ನೆ
ಫ್ಲೈ (ಹುಳುವಿನಂತೆ ಕಟ್ಟಿದ ಹಗುರ ಗಾಳ) ಬೀಸಿ ಮೀನು ಹಿಡಿಯಲು ನನ್ನದು 9 ಅಡಿಯ 5-ವೇಟ್ (ಮಧ್ಯಮ ತೂಕದ ಲೈನಿನ) ರಾಡ್, ಅದಕ್ಕೊಪ್ಪುವ ಫ್ಲೋಟಿಂಗ್ (ತೇಲುವ) ಲೈನ್, ಅದರ ತುದಿಗೆ 9 ಅಡಿ ಲೀಡರ್ (ಫ್ಲೈ ಕಟ್ಟುವ ತೆಳು ಎಳೆ). 30 ಅಡಿವರೆಗೆ ಫ್ಲೈ ನೆಟ್ಟಗೆ ಹೋಗಿ ಕೂರುತ್ತದೆ. 45 ಅಡಿ ದಾಟಿತೋ, ಲೂಪಿನ (ಗಾಳಿಯಲ್ಲಿ ಲೈನ್ ಮಡಚಿಕೊಂಡು ಸಾಗುವ ಬಳುಕಿನ) ಮೇಲ್ಭಾಗ ಕೆಳಗಿನದಕ್ಕೆ ತಾಗಿ ಲೀಡರ್‌ನಲ್ಲಿ ಗಂಟು. ಗಾಳಿಯಿಲ್ಲದ ದಿನವೂ ಹೀಗೇ. ಸರಿಯಾಗಿ ಬಿದ್ದರೂ ಹೊಳೆಯ ನಡುವಿನ ಸೆಳವಿಗೆ ಸಿಕ್ಕಿ ಫ್ಲೈ ಜಾರಿಹೋಗುತ್ತದೆ.

ಉತ್ತರ 1
ಇಂಥ ಗಂಟನ್ನು 'ವಿಂಡ್ ನಾಟ್' (ಗಾಳಿಗಂಟು) ಅಂತ ಕರೆದರೂ ಗಾಳಿಯ ತಪ್ಪೇನಿಲ್ಲ, ಇದು ಟೇಲಿಂಗ್ ಲೂಪ್, ಅಂದರೆ ಲೂಪಿನ ಮೇಲಿನ ಎಳೆ ಕೆಳಗಿನದನ್ನು ದಾಟುವುದು. ಬೀಸುವಾಗ ರಾಡಿನ ತುದಿ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗಬೇಕು. ಲೈನ್ ಉದ್ದವಾದಷ್ಟೂ ಭಾರ ಹೆಚ್ಚಿ ರಾಡ್ ಜಾಸ್ತಿ ಬಾಗುತ್ತದೆ. ಕೈಬೀಸು ಮಾತ್ರ ಮೊದಲಿನಷ್ಟೇ ಕಿರಿದಾಗಿದ್ದರೆ ತುದಿ ನಡುವೆ ತಗ್ಗಿ ಕೊನೆಗೆ ಮೇಲೇಳುತ್ತದೆ. ತುದಿ ಹೋದ ದಾರಿಯಲ್ಲೇ ಲೈನೂ ಹೋಗುವುದರಿಂದ ಲೂಪಿನ ಎರಡು ಎಳೆಗಳು ಒಂದನ್ನೊಂದು ದಾಟುತ್ತವೆ. ರಾಡನ್ನು ಗಡಿಯಾರದ ಮುಳ್ಳು ಅಂದುಕೊಂಡರೆ, 30 ಅಡಿಗೆ ಹನ್ನೊಂದರಿಂದ ಒಂದರವರೆಗೆ ಸಾಕಾದರೆ, 45ಕ್ಕೆ ಹತ್ತರಿಂದ ಎರಡರ ಹತ್ತಿರ ಬೇಕು. ಬಲವನ್ನು ಶುರುವಿನಲ್ಲೇ ಸುರಿಯಬೇಡಿ. ನಿಧಾನವಾಗಿ ಹೊರಟು ವೇಗ ಏರಿಸುತ್ತಾ ಹೋಗಿ, ಥಟ್ಟನೆ ನಿಲ್ಲಿಸಿ. ಮಣಿಕಟ್ಟು ತಿರುಗಬೇಕಾದ್ದು ನಿಲ್ಲಿಸುವುದಕ್ಕೆ ತುಸು ಮುಂಚೆ ಮಾತ್ರ.

ಉತ್ತರ 2
ಕ್ರೀಪ್ ಕೂಡ ನೋಡಿಕೊಳ್ಳಿ. ಹಿಂದೆ ಲೈನ್ ಬಿಚ್ಚಿಕೊಳ್ಳುತ್ತಿರುವಾಗಲೇ ಕೈ ಅರಿವಿಲ್ಲದೆ ಮುಂದೆ ಸರಿದರೆ ಮುಂಬೀಸಿಗೆ ಜಾಗವೇ ಉಳಿಯುವುದಿಲ್ಲ, ಆ ಕೊರತೆ ತುಂಬಲು ಕೈ ಜಾಡಿಸಿಬಿಡುತ್ತದೆ. ತಲೆ ತಿರುಗಿಸಿ ಹಿಂದಿನ ಲೂಪ್ ನೋಡಿ. ಅದು ಇನ್ನೇನು ಪೂರ್ತಿ ಬಿಚ್ಚಿಕೊಳ್ಳುತ್ತದೆ ಅನ್ನುವಾಗ ಮುಂದಕ್ಕೆ ಹೊರಡಿ. ಡಬಲ್ ಹಾಲ್ (ಹಿಂಬೀಸು, ಮುಂಬೀಸು ಎರಡರಲ್ಲೂ ಇನ್ನೊಂದು ಕೈಯಿಂದ ಲೈನ್ ಎಳೆಯುವುದು) ಮಾಡುವುದಾದರೆ, ಇನ್ನೊಂದು ಕೈಯ ಎಳೆತ ರಾಡ್ ನಿಲ್ಲುವ ಕ್ಷಣದಲ್ಲೇ ಮುಗಿಯಬೇಕು. ಬೇಗ ಮುಗಿದರೆ ಮತ್ತದೇ ಗಂಟು. ರೂಢಿಗೆ ಹುಲ್ಲಿನ ಮೇಲೆ ನಿಂತು, ಗಾಳದ ಬದಲು ಉಣ್ಣೆಯ ಎಳೆ ಕಟ್ಟಿ ಬೀಸಿ. ಗಂಟುಬಿದ್ದ ಟಿಪೆಟ್ (ಲೀಡರ್‌ನ ತೆಳು ಕೊನೆ) ಅನ್ನು ಹಾಗೇ ಬಿಡಬೇಡಿ, ಬಲ ಸುಮಾರು ಅರ್ಧಕ್ಕಿಳಿದಿರುತ್ತದೆ.

ಉತ್ತರ 3
ಸೆಳವಿನ ವಿಚಾರಕ್ಕೆ ಮೆಂಡಿಂಗ್, ಅಂದರೆ ನೀರ ಮೇಲಿನ ಲೈನನ್ನು ಎತ್ತಿ ಸರಿಪಡಿಸುವುದು, ಬೇಕು. ಫ್ಲೈ ಇರುವ ಕಡೆಗಿಂತ ನಡುವಿನ ನೀರು ಜೋರಾಗಿದ್ದರೆ ಲೈನ್ ಅಲ್ಲಿ ಹೊಟ್ಟೆ ಬಿಟ್ಟು ಫ್ಲೈಯನ್ನು ಎಳೆಯುತ್ತದೆ. ಲೈನ್ ನೀರಿಗೆ ಬಿದ್ದ ಕೂಡಲೇ ರಾಡ್ ತುದಿಯಿಂದ ಆ ಹೊಟ್ಟೆಯನ್ನು ಎತ್ತಿ ಮೇಲ್ಹರಿವಿನ ಕಡೆ ಮಗುಚಿ ಹಾಕಿ. ನಡುವಿನ ನೀರೇ ನಿಧಾನವಿದ್ದರೆ ಕೆಳಹರಿವಿನ ಕಡೆಗೆ. ತಡಮಾಡಿದರೆ ನೀರು ಲೈನನ್ನು ಹಿಡಿದುಕೊಂಡಿರುತ್ತದೆ, ಬಿಡಿಸುವಾಗ ಫ್ಲೈ ಕದಲುತ್ತದೆ. ಮೆಂಡ್ ಮಾಡುವಾಗ ಒಂದೆರಡು ಅಡಿ ಲೈನ್ ಸಡಿಲ ಬಿಡಿ. ಆಮೇಲೆ ಲೈನನ್ನು ರಾಡ್ ಹಿಡಿದ ಕೈಯ ತೋರುಬೆರಳ ಕೆಳಗೆ ಒತ್ತಿಕೊಂಡೇ ಇರಿ, ಮೀನು ಕಚ್ಚಿದರೆ ತಕ್ಷಣ ಬಿಗಿ ಸಿಗುತ್ತದೆ.