ಡ್ಯಾಝ್‌ನಿಂದ ಬ್ಲೆಂಡರ್‌ಗೆ ತಂದ ಪಾತ್ರಗಳ ಕೂದಲು ಸಹಜವಾಗಿ ಕಾಣಲು ಏನು ಮಾಡಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಿರು ಅನಿಮೇಷನ್ ಒಂದಕ್ಕಾಗಿ ಡ್ಯಾಝ್ ಸ್ಟುಡಿಯೋ ಎಂಬ 3ಡಿ ತಂತ್ರಾಂಶದಲ್ಲಿ ಜೆನೆಸಿಸ್ 8 ಎಂಬ ಸಿದ್ಧ ಮಾನವ ಆಕೃತಿಗಳನ್ನು ಬಳಸಿ ಎರಡು ಪಾತ್ರಗಳನ್ನು ಸಿದ್ಧಪಡಿಸಿಕೊಂಡಿದ್ದೇನೆ. ಒಬ್ಬಳು ಎಣ್ಣೆ ಹಚ್ಚಿ, ನಡು ಬೈತಲೆ ತೆಗೆದು, ಸೊಂಟದವರೆಗೆ ಜಡೆ ಹೆಣೆದುಕೊಂಡ ಹುಡುಗಿ. ಇನ್ನೊಬ್ಬರು ಅವಳ ಅಜ್ಜಿ, ಪೂರ್ತಿ ನರೆತ ಕೂದಲನ್ನು ಸಣ್ಣ ತುರುಬು ಕಟ್ಟಿಕೊಂಡವರು. ಡ್ಯಾಝ್‌ನಲ್ಲಿ ಅಂತಿಮ ಚಿತ್ರವನ್ನು ಮೂಡಿಸುವ (ರೆಂಡರ್ ಮಾಡುವ) ಐರೇ ಎಂಬ ಭಾಗದಲ್ಲಿ ಇಬ್ಬರ ಕೂದಲೂ ಮನಸ್ಸಿಗೆ ಒಪ್ಪುವಂತೆಯೇ ಬಂದಿತ್ತು. ಚಲನೆ ಮತ್ತು ಬೆಳಕಿನ ಕೆಲಸವನ್ನು ಬ್ಲೆಂಡರ್ ಎಂಬ ಇನ್ನೊಂದು 3ಡಿ ತಂತ್ರಾಂಶದಲ್ಲಿ ಮಾಡಬೇಕಾಗಿರುವುದರಿಂದ ಇಬ್ಬರನ್ನೂ ಎಫ್‌ಬಿಎಕ್ಸ್ (3ಡಿ ಮಾದರಿಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯುವ) ಕಡತಗಳ ಮೂಲಕ ಅಲ್ಲಿಗೆ ತಂದೆ. ಮೈ, ಮುಖ, ಬಟ್ಟೆಗಳು ಸ್ವಲ್ಪ ತಿದ್ದುಪಡಿಯಿಂದ ಸರಿಹೋದವು. ಕೂದಲು ಮಾತ್ರ ಸರಿಹೋಗುತ್ತಿಲ್ಲ.

ಬ್ಲೆಂಡರ್‌ನ ರೆಂಡರ್ ಭಾಗವಾದ ಸೈಕಲ್ಸ್‌ನಲ್ಲಿ ರೆಂಡರ್ ಮಾಡಿದಾಗ ಹುಡುಗಿಯ ಹೆಡಕಿನ ಬಳಿ, ಜಡೆ ಶುರುವಾಗುವಲ್ಲಿ, ಇದ್ದಿಲು ಮೆತ್ತಿದಂತೆ ಕಪ್ಪು ಕಲೆಗಳು ಕಾಣುತ್ತವೆ. ಹಣೆಯ ಅಂಚಿನಲ್ಲಿ ಕೂದಲು ವಿರಳವಾಗಿ, ಉದುರಿಹೋದಂತೆ ಕಾಣುತ್ತದೆ. ಬೆಳಕು ನೇರವಾಗಿ ಬಿದ್ದ ಕಡೆ ಪ್ಲಾಸ್ಟಿಕ್ಕಿನ ಹಾಳೆಯಂತಹ ಬೂದು ಹೊಳಪು ಬರುತ್ತದೆ. ಅಜ್ಜಿಯ ಕೂದಲಂತೂ ಬೆಳ್ಳಗಿರದೆ ಮಾಸಿದ ಹತ್ತಿಯಂತೆ ಆಗಿದೆ. ಬಣ್ಣದ ಚಿತ್ರವನ್ನು ತಿಳಿ ಮಾಡಿದರೆ ಹೊಳಪು ಸತ್ತುಹೋಗುತ್ತದೆ, ಗಾಢ ಮಾಡಿದರೆ ಕೊಳೆಯಾಗಿ ಕಾಣುತ್ತದೆ. ಕಥೆಯಲ್ಲಿ ಅಜ್ಜಿ ಮೊಮ್ಮಗಳ ತಲೆ ಬಾಚುವ ದೃಶ್ಯವೇ ಮುಖ್ಯವಾದದ್ದು ಮತ್ತು ಅಲ್ಲಿ ಕ್ಯಾಮೆರಾ ಕೂದಲಿನ ತೀರ ಹತ್ತಿರಕ್ಕೆ ಹೋಗುತ್ತದೆ. ಆದ್ದರಿಂದ ಇದನ್ನು ಅರೆಬರೆ ಮಾಡಿ ಬಿಡಲು ಮನಸ್ಸಾಗುತ್ತಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಮೊದಲ ಉತ್ತರ

ನೀವು ಹೇಳಿದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಬೇರೆ ಕಾರಣಗಳಿವೆ. ಎಲ್ಲವನ್ನೂ ಬಣ್ಣದಿಂದಲೇ ಸರಿಪಡಿಸಲು ಹೊರಟಿದ್ದರಿಂದ ನಿಮಗೆ ಇಷ್ಟು ಶ್ರಮವಾಗಿದೆ ಎಂದು ನನಗೆ ತೋರುತ್ತದೆ.

ಡ್ಯಾಝ್‌ನ ಬಹುಪಾಲು ಕೂದಲು ನಿಜವಾದ ಎಳೆಗಳಲ್ಲ. ಉದ್ದನೆಯ ತೆಳು ಪಟ್ಟಿಗಳ ಮೇಲೆ ಕೂದಲಿನ ಚಿತ್ರವನ್ನು ಅಂಟಿಸಿ, ಎಳೆಗಳ ನಡುವಿನ ಜಾಗವನ್ನು ಕಪ್ಪು-ಬಿಳುಪು ಪಾರದರ್ಶಕತೆಯ ಚಿತ್ರವೊಂದರಿಂದ ಕತ್ತರಿಸಿರುತ್ತಾರೆ. ಕ್ಯಾಮೆರಾದಿಂದ ಹೊರಟ ಕಿರಣವು ಇಂತಹ ಒಂದೊಂದು ಪಟ್ಟಿಯನ್ನು ದಾಟಿದಾಗಲೂ ಸೈಕಲ್ಸ್ ಅದನ್ನು ಒಂದು ಪಾರದರ್ಶಕ ನೆಗೆತವೆಂದು ಎಣಿಸುತ್ತದೆ. ಲೈಟ್ ಪಾತ್ಸ್ ವಿಭಾಗದಲ್ಲಿ ಟ್ರಾನ್ಸ್‌ಪರೆಂಟ್ ಎಂಬ ಮಿತಿ ಮೊದಲಿಗೆ 8 ಇರುತ್ತದೆ. ಹೆಡಕಿನ ಬಳಿ ಇಪ್ಪತ್ತು, ಮೂವತ್ತು ಪಟ್ಟಿಗಳು ಒಂದರ ಹಿಂದೊಂದು ಬರುವುದು ಸಾಮಾನ್ಯ. ಎಂಟನ್ನು ದಾಟಿದ ಕಿರಣ ಅಲ್ಲೇ ನಿಂತುಹೋಗಿ ಕಪ್ಪನ್ನು ಹಿಂತಿರುಗಿಸುತ್ತದೆ, ಮತ್ತು ನಿಮಗೆ ಇದ್ದಿಲಿನಂತೆ ಕಂಡದ್ದು ಅದೇ. ಐರೇಯಲ್ಲಿ ಮೊದಲಿಗೆ ಇಂತಹ ಮಿತಿ ಇರುವುದಿಲ್ಲವಾದ್ದರಿಂದ ಈ ತೊಂದರೆ ಅಲ್ಲಿ ಕಣ್ಣಿಗೆ ಬೀಳಲಿಲ್ಲ. ಆ ಸಂಖ್ಯೆಯನ್ನು 64ಕ್ಕೆ ಏರಿಸಿ ನೋಡಿ. ರೆಂಡರ್ ಸ್ವಲ್ಪ ನಿಧಾನವಾಗಬಹುದು, ಕಲೆಗಳು ಮಾತ್ರ ಹೋಗುತ್ತವೆ.

ಹಣೆಯ ಅಂಚು ವಿರಳವಾಗಿರುವುದಕ್ಕೆ ಪಾರದರ್ಶಕತೆಯ ಚಿತ್ರವನ್ನು ಎಸ್‌ಆರ್‌ಜಿಬಿ (ಬಣ್ಣದ ಚಿತ್ರಗಳಿಗೆ ಬಳಸುವ ಕ್ರಮ) ಎಂದು ಓದುತ್ತಿರುವುದೇ ಕಾರಣವಾಗಿರಬೇಕು. ಆ ಚಿತ್ರ ಬಣ್ಣವಲ್ಲ, ಅಳತೆ. ಅದನ್ನು ಬಣ್ಣವೆಂದು ಓದಿದಾಗ 0.5 ಎಂದು ಬರೆದಿರುವ ಜಾಗ ಸುಮಾರು 0.21 ಆಗಿಬಿಡುತ್ತದೆ. ಅಂದರೆ ಅರ್ಧ ಮುಚ್ಚಬೇಕಾದ ಎಳೆ ಐದರಲ್ಲಿ ಒಂದು ಪಾಲಷ್ಟೇ ಮುಚ್ಚುತ್ತದೆ. ದಟ್ಟವಾದ ಕಡೆ ಇದು ತಿಳಿಯದು, ಮುಂಗುರುಳಿನಂತಹ ನವಿರಾದ ಕಡೆ ಮಾತ್ರ ಕೂದಲು ಉದುರಿದಂತೆ ಕಾಣುತ್ತದೆ. ಆ ಚಿತ್ರವನ್ನು ತರುವ ಇಮೇಜ್ ನೋಡ್‌ನಲ್ಲಿ (ಬ್ಲೆಂಡರ್‌ನ ಜೋಡಣಾ ಪೆಟ್ಟಿಗೆ) ನಾನ್-ಕಲರ್ ಎಂದು ಬದಲಾಯಿಸಿ.

ಎರಡನೆಯ ಉತ್ತರ

ಮೇಲಿನ ಎರಡೂ ಮಾತುಗಳನ್ನು ಒಪ್ಪುತ್ತೇನೆ. ಆದರೆ ಕ್ಯಾಮೆರಾ ಹತ್ತಿರ ಹೋಗುವ ದೃಶ್ಯಕ್ಕೆ ಪಟ್ಟಿಗಳನ್ನು ಎಷ್ಟು ತಿದ್ದಿದರೂ ತೃಪ್ತಿ ಸಿಗುವುದಿಲ್ಲವೆಂದು ನನ್ನ ಖಚಿತ ಅಭಿಪ್ರಾಯ. ಎಫ್‌ಬಿಎಕ್ಸ್ ಆಕಾರವನ್ನೂ ಚಿತ್ರಗಳನ್ನೂ ಹೊತ್ತು ತರುತ್ತದೆ, ಐರೇಯ ಶೇಡರನ್ನು (ಮೇಲ್ಮೈ ಬೆಳಕಿಗೆ ಹೇಗೆ ಕಾಣಬೇಕೆಂದು ನಿರ್ಧರಿಸುವ ಸಜ್ಜಿಕೆ) ತರುವುದಿಲ್ಲ. ಚಪ್ಪಟೆ ಪಟ್ಟಿಯ ಮೇಲೆ ಬಿದ್ದ ಬೆಳಕು ಚಪ್ಪಟೆಯಾಗಿಯೇ ಹೊಳೆಯುತ್ತದೆ, ಮತ್ತು ನಿಮ್ಮ ಪ್ಲಾಸ್ಟಿಕ್ ಹೊಳಪಿನ ಮೂಲ ಅದು. ಕೂದಲು ಉರುಟಾದ ಅರೆಪಾರದರ್ಶಕ ನಾರು. 2003ರಲ್ಲಿ ಸ್ಟೀವ್ ಮಾರ್ಷ್‌ನರ್ ಮತ್ತು ಸಂಗಡಿಗರು ಪ್ರಕಟಿಸಿದ ಮಾದರಿಯ ಪ್ರಕಾರ ಅದರಿಂದ ಬರುವ ಬೆಳಕು ಮೂರು ಬಗೆಯದು: ಮೇಲ್ಮೈಯಿಂದಲೇ ಮರಳುವುದು, ಎಳೆಯನ್ನು ಹಾಯ್ದು ಆಚೆ ಹೋಗುವುದು, ಒಳಹೊಕ್ಕು ಹಿಂಬದಿಯಿಂದ ಪ್ರತಿಫಲಿಸಿ ಈಚೆ ಬರುವುದು. ಮೊದಲನೆಯದಕ್ಕೆ ದೀಪದ ಬಣ್ಣವೇ ಇರುತ್ತದೆ ಮತ್ತು ಅದು ಬುಡದ ಕಡೆಗೆ ಸರಿದಿರುತ್ತದೆ. ಕೊನೆಯದು ಕೂದಲಿನ ಬಣ್ಣ ಹೊತ್ತು ತುದಿಯ ಕಡೆಗೆ ಸರಿದಿರುತ್ತದೆ. ಬ್ಲೆಂಡರ್‌ನ ಪ್ರಿನ್ಸಿಪಲ್ಡ್ ಹೇರ್ ಶೇಡರ್ ಇದೇ ಪರಂಪರೆಯದು. ಅದು ಎಳೆಗಳಿಗಾಗಿ ಮಾಡಿದ್ದು, ಪಟ್ಟಿಗಳಿಗಲ್ಲ.

ಆದ್ದರಿಂದ ಎಫ್‌ಬಿಎಕ್ಸ್ ಬದಲು ಡಿಫಿಯೋಮಾರ್ಫಿಕ್ ಎಂಬ ಉಚಿತ ಆಡ್-ಆನ್ ಮೂಲಕ ಪಾತ್ರಗಳನ್ನು ತನ್ನಿ. ಅದರಲ್ಲಿ ಪಟ್ಟಿಗಳನ್ನು ಎಳೆಗಳಾಗಿ ಪರಿವರ್ತಿಸುವ ಮೇಕ್ ಹೇರ್ ಎಂಬ ಸೌಲಭ್ಯವಿದೆ. ಪರಿವರ್ತನೆಯಾದ ಮೇಲೆ ಒಂದು ಎಳೆಯನ್ನು ಹತ್ತಿರದಿಂದ ನೋಡಿ: ಅದು ತಲೆಯ ಕಡೆ ಚೂಪಾಗಿ, ತುದಿಯ ಕಡೆ ದಪ್ಪವಾಗಿದ್ದರೆ ಬುಡ-ತುದಿಗಳು ತಲೆಕೆಳಗಾಗಿವೆ ಎಂದರ್ಥ. ಹಾಗೆಯೇ ಬಿಟ್ಟರೆ ಹೊಳಪು ತಪ್ಪು ದಿಕ್ಕಿಗೆ ಸರಿಯುತ್ತದೆ ಮತ್ತು ಕಾರಣ ತಿಳಿಯದೆ ದಿನಗಟ್ಟಲೆ ಶೇಡರಿನಲ್ಲಿ ಹುಡುಕಬೇಕಾಗುತ್ತದೆ. ನಾನು ಹಾಗೆ ಒಂದು ವಾರ ಕಳೆದಿದ್ದೇನೆ.

ದಪ್ಪದ ವಿಷಯದಲ್ಲಿ ಎಚ್ಚರ ಬೇಕು. ಡ್ಯಾಝ್‌ನ ಅಳತೆ ಸೆಂಟಿಮೀಟರಿನಲ್ಲಿ, ಬ್ಲೆಂಡರ್‌ನದು ಮೀಟರಿನಲ್ಲಿ. ಮನುಷ್ಯನ ಕೂದಲಿನ ವ್ಯಾಸ ಸುಮಾರು 0.07 ಮಿಲಿಮೀಟರ್, ಅಂದರೆ 0.00007 ಮೀಟರ್. ನಿಜವಾದ ತಲೆಯಲ್ಲಿ ಹತ್ತಿರ ಹತ್ತಿರ ಒಂದು ಲಕ್ಷ ಕೂದಲಿರುತ್ತದೆ. ನಾವು ಅಷ್ಟು ಇಡಲಾಗದಿದ್ದರೆ ಪ್ರತಿ ಎಳೆಯನ್ನು ಎರಡು ಪಟ್ಟು ದಪ್ಪ ಮಾಡಿಕೊಳ್ಳಬಹುದು. ಅದಕ್ಕಿಂತ ಹೆಚ್ಚಿಸಿದರೆ ಜಡೆ ಹುರಿಹಗ್ಗದಂತೆ ಕಾಣತೊಡಗುತ್ತದೆ.

ಹುಡುಗಿಯ ಕೂದಲಿಗೆ ಬಣ್ಣದ ಚಿತ್ರವನ್ನೇ ಬಿಟ್ಟುಬಿಡಿ, ಶೇಡರಿನಲ್ಲಿ ಮೆಲನಿನ್ ಕಾನ್ಸಂಟ್ರೇಷನ್ (ಕೂದಲಿನ ವರ್ಣಕದ ಪ್ರಮಾಣದಿಂದ ಬಣ್ಣ ನಿಗದಿಮಾಡುವ ಬಗೆ) ಆಯ್ದುಕೊಳ್ಳಿ. ಆ ಅಳತೆ ಮೇಲಕ್ಕೆ ಹೋದಂತೆ ಬಿಗಿಯಾಗುತ್ತದೆ. 0.9ರಿಂದ 0.99ಕ್ಕೆ ಹೋದರೆ ವರ್ಣಕ ಇಮ್ಮಡಿಯಾಗುತ್ತದೆ. ನಮ್ಮ ಕಡೆಯ ಕರಿಗೂದಲಿಗೆ ನಾನು 0.96ರ ಆಸುಪಾಸಿನಲ್ಲಿ ನಿಲ್ಲುತ್ತೇನೆ. ಎಣ್ಣೆ ಹಚ್ಚಿದ ಕೂದಲಿಗೆ ರಫ್‌ನೆಸ್ (ಮೇಲ್ಮೈಯ ಒರಟುತನ) 0.3ರಿಂದ 0.2ಕ್ಕೆ ಇಳಿಸಿ ಮತ್ತು ಎಳೆಗಳು ಗುಂಪುಗುಂಪಾಗಿ ಅಂಟಿಕೊಳ್ಳುವಂತೆ ಕ್ಲಂಪಿಂಗ್ ಕೊಡಿ. ಎಣ್ಣೆ ಕಾಣುವುದು ಹೊಳಪಿನಿಂದ ಮಾತ್ರವಲ್ಲ, ಬಾಚಣಿಗೆಯ ಹಲ್ಲಿನ ಸಾಲು ಕೂದಲಿನಲ್ಲಿ ಹಾಗೆಯೇ ಉಳಿದಿರುವುದರಿಂದಲೂ ಹೌದು.

ಅಜ್ಜಿಯ ಕೂದಲು ಇದಕ್ಕಿಂತ ಕಷ್ಟದ್ದು. ಕರಿಗೂದಲು ಒಳಹೊಕ್ಕ ಬೆಳಕನ್ನು ಹೀರಿಬಿಡುತ್ತದೆ. ಬಿಳಿಗೂದಲಿನಲ್ಲಿ ಬೆಳಕು ಒಂದು ಎಳೆಯಿಂದ ಇನ್ನೊಂದಕ್ಕೆ ಹತ್ತಾರು ಬಾರಿ ಹಾಯುತ್ತದೆ, ಮತ್ತು ಆ ಹಾಯುವಿಕೆಯೇ ಅದರ ಬಿಳುಪು. ಲೈಟ್ ಪಾತ್ಸ್ ವಿಭಾಗದಲ್ಲೇ ಗ್ಲಾಸಿ ಮಿತಿ ಮೊದಲಿಗೆ 4, ಟ್ರಾನ್ಸ್‌ಮಿಷನ್ ಮತ್ತು ಒಟ್ಟು ಮಿತಿಗಳು 12 ಇರುತ್ತವೆ. ಮೂರನ್ನೂ 32ಕ್ಕೆ ಏರಿಸದೆ ಮಾಸಿದ ಬಣ್ಣ ಹೋಗುವುದಿಲ್ಲ. ಮೆಲನಿನ್ ಅನ್ನು ಸೊನ್ನೆಯ ಹತ್ತಿರ ಇಟ್ಟು, ರ‍್ಯಾಂಡಮ್ ಕಲರ್ ಸ್ವಲ್ಪವೇ ಕೊಡಿ. ಜೊತೆಗೆ ಅಲ್ಲಲ್ಲಿ ನರೆಯದೆ ಉಳಿದ ಒಂದೆರಡು ಕಪ್ಪು ಎಳೆಗಳನ್ನು ಬೇರೆಯಾಗಿಯೇ ಸೇರಿಸಿ.

ಮೂರನೆಯ ಉತ್ತರ

ಮೇಲೆ ಹೇಳಿದ್ದಕ್ಕೆ ಒಂದು ತಕರಾರು ಮತ್ತು ಒಂದು ಸೇರ್ಪಡೆ. ಇಡೀ ಚಿತ್ರಕ್ಕೆ ಎಳೆಗಳನ್ನೇ ಬಳಸಬೇಕಾಗಿಲ್ಲ. ದೂರದ ದೃಶ್ಯಗಳಲ್ಲಿ ತಿದ್ದಿದ ಪಟ್ಟಿಗಳು ಸಾಕು. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಆ ಉಳಿತಾಯ ದೊಡ್ಡದು. ಹತ್ತಿರದ ದೃಶ್ಯಗಳಲ್ಲಿಯೂ ಬೈತಲೆ ಮತ್ತು ಹಣೆಯ ಅಂಚಿಗೆ ಎಳೆಗಳನ್ನು ಕೈಯಾರೆ ಸೇರಿಸಿ, ಒಳಪದರಗಳಲ್ಲಿ ಪಟ್ಟಿಗಳನ್ನೇ ಉಳಿಸಿಕೊಂಡು ಒಳ್ಳೆಯ ಫಲ ಪಡೆದಿದ್ದೇನೆ.

ಸೇರಿಸಬೇಕಾದದ್ದು ಬೆಳಕಿನ ಬಗ್ಗೆ. ಕರಿಗೂದಲಿನಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಮೇಲ್ಮೈಯಿಂದ ಮರಳಿದ ಬೆಳಕು ಮಾತ್ರ. ಸುತ್ತಲೂ ಪ್ರತಿಫಲಿಸಲು ಏನೂ ಇಲ್ಲದಿದ್ದರೆ ಎಷ್ಟು ಒಳ್ಳೆಯ ಶೇಡರೂ ಕಪ್ಪು ಗುಂಡಿಯಂತೆಯೇ ಕಾಣುತ್ತದೆ. ಪಕ್ಕದಿಂದ ಒಂದು ಅಗಲವಾದ ಏರಿಯಾ ಲೈಟ್, ಹಿಂದಿನಿಂದ ಒಂದು ಸಣ್ಣ ದೀಪ ಇಡಿ. ಡಿನಾಯ್ಸ್ (ರೆಂಡರಿನ ಕಲ್ಮಶ ಚುಕ್ಕೆಗಳನ್ನು ತೆಗೆಯುವ ಕೆಲಸ) ಮಾಡುವಾಗ ಆಲ್ಬೆಡೋ (ಮೂಲ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈಯ ದಿಕ್ಕು) ಪಾಸ್‌ಗಳನ್ನು ಕೊಡಿ. ಇಲ್ಲವಾದರೆ ನೀವು ಕಷ್ಟಪಟ್ಟು ಮಾಡಿದ ಎಳೆಗಳನ್ನೆಲ್ಲ ಅದು ಒರೆಸಿಹಾಕುತ್ತದೆ. ಬ್ಲೆಂಡರ್ 4.0ರಿಂದ ಈಚೆಗೆ ಎಜಿಎಕ್ಸ್ ಎಂಬ ಬಣ್ಣ ನಿರ್ವಹಣೆಯೇ ಮೊದಲ ಆಯ್ಕೆಯಾಗಿರುವುದರಿಂದ ಐರೇ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಬಣ್ಣಕ್ಕೆ ಬಣ್ಣ ಹೊಂದಿಸಲು ಹೋಗಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮಿತಿಯನ್ನು 64ಕ್ಕೆ ಏರಿಸಿದೊಡನೆ ಹೆಡಕಿನ ಕಲೆಗಳು ಮಾಯವಾದವು, ನಾನ್-ಕಲರ್ ಮಾಡಿದ ಮೇಲೆ ಮುಂಗುರುಳುಗಳು ಮರಳಿ ಬಂದವು. ಅಜ್ಜಿಯ ತುರುಬನ್ನು ಎಳೆಗಳಾಗಿ ಪರಿವರ್ತಿಸಿ, ಕಿಟಕಿಯ ಬೆಳಕನ್ನು ಹಿಂದಿನಿಂದ ಬಿಟ್ಟಾಗ ಅಂಚಿನ ಕೂದಲು ಒಳಗಿನಿಂದಲೇ ಬೆಳಗಿದಂತೆ ಕಂಡಿತು. ಒಂದು ತೊಂದರೆ ಉಳಿದಿದೆ. ಜಡೆಯನ್ನು ಪರಿವರ್ತಿಸಿದಾಗ ಮೂರು ಕಾಲುಗಳೂ ಒಂದರೊಳಗೊಂದು ನುಗ್ಗಿ ಹೆಣಿಗೆಯೇ ಕೆಟ್ಟುಹೋಯಿತು.

ಎರಡನೆಯ ಉತ್ತರ ಬರೆದವರಿಂದ

ಜಡೆಗೆ ಪರಿವರ್ತನೆ ನೆಚ್ಚಿಕೊಳ್ಳಬೇಡಿ. ಮೂರು ಕಾಲುಗಳಿಗೆ ಮೂರು ಕರ್ವ್‌ಗಳನ್ನು ಹಳೆಯ ಜಡೆಯ ಮೇಲೆಯೇ ಎಳೆದುಕೊಂಡು, ಪ್ರತಿಯೊಂದರ ಸುತ್ತಲೂ ಬೇರೆಬೇರೆಯಾಗಿ ಎಳೆಗಳನ್ನು ತುಂಬಿ. ಬ್ಲೆಂಡರ್‌ನ 3.3ನೇ ಆವೃತ್ತಿಯಿಂದ ಬಂದಿರುವ ಹೇರ್ ಕರ್ವ್ಸ್ ಇದಕ್ಕೆ ಅನುಕೂಲವಾಗಿದೆ. ಹಳೆಯ ಪಟ್ಟಿಗಳನ್ನು ಅಳಿಸದೆ, ರೆಂಡರ್‌ನಲ್ಲಿ ಕಾಣದಂತೆ ಮರೆಮಾಡಿ ಅಚ್ಚಾಗಿ ಇಟ್ಟುಕೊಳ್ಳಿ. ಕಾಲುಗಳು ಒಂದನ್ನೊಂದು ದಾಟುವ ಜಾಗದಲ್ಲಿ ಕೂದಲು ಸ್ವಲ್ಪ ಅದುಮಿ ಕಿರಿದಾಗಬೇಕು, ದಾಟಿದ ಮೇಲೆ ಮತ್ತೆ ಉಬ್ಬಬೇಕು. ಕೊನೆಗೆ ಜಡೆಯ ಉದ್ದಕ್ಕೂ ಹೊರಚಾಚಿದ ಮೂವತ್ತು ನಲವತ್ತು ಗಿಡ್ಡ ಎಳೆಗಳನ್ನು ಸೇರಿಸಿ.