ಫೇರ್‌ವೆಲ್ ಅಂದರೆ ಇನ್ನು ಭೇಟಿಯೇ ಇಲ್ಲ ಅಂತಲಾ?

ತಿಳಿನೀರು:
ಎಲ್ಲರಿಗೂ ನಮಸ್ಕಾರ. ಈ ಶುಕ್ರವಾರ ಈಗಿರುವ ಕೆಲಸ ಬಿಡುತ್ತಿದ್ದೇನೆ. ಜೊತೆಗಿದ್ದವರಿಗೆಲ್ಲ ಇಂಗ್ಲಿಷ್‌ನಲ್ಲಿ ಒಂದು ಮೇಲ್ ಕಳಿಸಬೇಕು. ವಿಷಯದ ಸಾಲಿನಲ್ಲಿ ‘ಫೇರ್‌ವೆಲ್ ಅಂಡ್ ಥ್ಯಾಂಕ್ ಯೂ’ ಅಂತ ಬರೆದಿದ್ದೇನೆ. ಕೊನೆಯಲ್ಲಿ, ಹೆಸರಿನ ಮೇಲೆ, ಇನ್ನೊಮ್ಮೆ ‘ಫೇರ್‌ವೆಲ್’ ಅಂತ ಹಾಕಿದ್ದೇನೆ. ಪಕ್ಕದ ಸೀಟಿನ ಗೆಳತಿ ಓದಿ, ‘ತುಂಬಾ ಭಾರವಾಯ್ತು ಕಣೇ, ಇನ್ನು ಯಾವತ್ತೂ ಸಿಗಲ್ಲ ಅನ್ನೋ ಥರ ಇದೆ. ಗುಡ್‌ಬೈ ಅಂತ ಹಾಕು’ ಅಂದಳು. ನನಗೆ ಗುಡ್‌ಬೈ ಇನ್ನೂ ಒರಟು ಅನ್ನಿಸುತ್ತದೆ. ಇವರಲ್ಲಿ ಕೆಲವರ ಜೊತೆ ಮುಂದೆಯೂ ಕೆಲಸ ಮಾಡುವ ಆಸೆ ನನಗಿದೆ. ಫೇರ್‌ವೆಲ್‌ಗೆ ನಿಜಕ್ಕೂ ಅಷ್ಟು ಕೊನೆಯ ಅರ್ಥ ಇದೆಯಾ? ಎಲ್ಲಿ ಬಳಸಬಹುದು, ಎಲ್ಲಿ ಬೇಡ?

ಗಾಳಿಪಟ:
ನಿಘಂಟು ತೆಗೆದರೆ ಎರಡಕ್ಕೂ ‘ವಿದಾಯ’ ಅಂತಲೇ ಸಿಗುತ್ತದೆ. ಮಾತಿನಲ್ಲಿ ಫೇರ್‌ವೆಲ್ ಅನ್ನುವವರನ್ನು ನಾನಂತೂ ಕೇಳಿಲ್ಲ. ಎಲ್ಲರೂ ಬೈ ಅಂತಾರೆ, ಇಲ್ಲ ಟೇಕ್ ಕೇರ್ ಅಂತಾರೆ. ನೀವೂ ಹಾಗೇ ಮುಗಿಸಿ.

ಕರಡುತಿದ್ದುವವ:
ಇಂಗ್ಲಿಷ್ ಕರಡು ತಿದ್ದುವುದೇ ನನ್ನ ಕೆಲಸ. ಇಂಥ ಮೇಲ್‌ಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ನಿಮ್ಮ ಅಳುಕು ಹೋಗಲಿ. ‘ಇನ್ನು ಸಿಗಲ್ಲ’ ಅನ್ನುವ ಅರ್ಥ ಫೇರ್‌ವೆಲ್ ಒಳಗೆ ಎಲ್ಲೂ ಇಲ್ಲ. ಫೇರ್ ಅನ್ನುವುದು ‘ಹೋಗು, ಪಯಣಿಸು’ ಅನ್ನುವ ಹಳೆಯ ಕ್ರಿಯಾಪದ. ಬಸ್ ಫೇರ್, ದಾರಿಹೋಕನಿಗೆ ಹೇಳುವ ವೇಫೇರರ್, ಕಡಲಯಾನಿಗೆ ಹೇಳುವ ಸೀಫೇರರ್, ಎಲ್ಲದರಲ್ಲೂ ಇರುವುದು ಅದೇ. ಪರೀಕ್ಷೆ ಬರೆದು ಬಂದವರನ್ನು ‘ಹೌ ಡಿಡ್ ಯೂ ಫೇರ್’ ಅಂತ ಈಗಲೂ ಕೇಳುತ್ತಾರಲ್ಲ, ಅಲ್ಲೂ ಅದೇ. ಅದಕ್ಕೆ ವೆಲ್ ಸೇರಿದರೆ ‘ಚೆನ್ನಾಗಿ ಹೋಗಿ, ದಾರಿ ಸುಗಮವಾಗಿರಲಿ’ ಅಂತಾಯಿತು. ಹಳೆಯ ಬರಹಗಳಲ್ಲಿ ‘ಫೇರ್ ಯೂ ವೆಲ್’, ‘ಫೇರ್ ದೀ ವೆಲ್’ ಅಂತ ಬಿಡಿಯಾಗಿಯೂ ಬರುತ್ತದೆ. ಎದುರಿಗಿರುವವರು, ಅಂದರೆ ‘ಯೂ’ ಇಲ್ಲವೇ ಅದರ ಹಳೆಯ ರೂಪ ‘ದೀ’, ಆ ಎರಡು ತುಂಡುಗಳ ನಡುವೆಯೇ ನಿಂತಿರುತ್ತಾರೆ. ನನಗೆ ಈ ರೂಪ ಬಹಳ ಇಷ್ಟ. ತುಂಡುಗಳನ್ನು ಹಿಂದುಮುಂದು ಮಾಡಿದರೆ ವೆಲ್‌ಫೇರ್! ಇಂಥ ಹಾರೈಕೆಯನ್ನು ಅಪಶಕುನದ ಹಾಗೆ ನೋಡುವುದು ಬೇಡ.

ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರ ‘ಫೇರ್‌ವೆಲ್ ಅಡ್ರೆಸ್’ ಹೆಸರುವಾಸಿ. ಹೆಸರು ಕೇಳಿದರೆ ಭಾಷಣ ಅನ್ನಿಸುತ್ತದೆ, ಅಲ್ವಾ? ಅವರು ಅದನ್ನು ನಿಂತು ಓದಲೇ ಇಲ್ಲ. 1796ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಜನರಿಗೆ ಬರೆದ ಪತ್ರವಾಗಿ ಅಚ್ಚಾಯಿತು. ಅಂದರೆ ನಿಮ್ಮ ಮೇಲ್ ಥರದ್ದೇ. ಅಷ್ಟು ಹೇಳಿ ಹೋದವರನ್ನು 1798ರಲ್ಲಿ ಮತ್ತೆ ಕರೆದು ಸೈನ್ಯದ ಮುಖ್ಯಸ್ಥರನ್ನಾಗಿ ಮಾಡಿದರು. ಫೇರ್‌ವೆಲ್ ಆದಮೇಲೂ ಒಟ್ಟಿಗೆ ಕೆಲಸ ಮಾಡಬಹುದು.

ಆದರೂ ನಿಮ್ಮ ಗೆಳತಿಯ ಮಾತಿನಲ್ಲಿ ಹುರುಳಿದೆ. ಈ ಕಾಲದ ಇಂಗ್ಲಿಷ್‌ನಲ್ಲಿ ಫೇರ್‌ವೆಲ್ ಜಾಸ್ತಿ ಕಾಣುವುದು ಒಂದು ಸಂದರ್ಭದ ಹೆಸರಾಗಿ: ಫೇರ್‌ವೆಲ್ ಪಾರ್ಟಿ, ಫೇರ್‌ವೆಲ್ ಸ್ಪೀಚ್, ‘ಬಿಡ್ ಫೇರ್‌ವೆಲ್’. ಎದುರಿಗಿರುವವರಿಗೆ ನೇರವಾಗಿ ‘ಫೇರ್‌ವೆಲ್!’ ಅಂದರೆ ನಾಟಕದ ಮಾತಿನ ಹಾಗೆ ಕೇಳುತ್ತದೆ. ಹಾಗಾಗಿ ವಿಷಯದ ಸಾಲಿನಲ್ಲಿ ಇರಲಿ, ಅಲ್ಲಿ ಅದು ಮೇಲ್ ಯಾವುದರ ಬಗ್ಗೆ ಅಂತ ಹೇಳುತ್ತದೆ. ಹೆಸರಿನ ಮೇಲಿರುವುದನ್ನು ತೆಗೆಯಿರಿ. ಭಾರ ಅನ್ನಿಸಿದ್ದು ಅದೇ.

ಗುಡ್‌ಬೈ ಕೂಡ ಹುಟ್ಟಿನಿಂದ ಒರಟಲ್ಲ. ‘ಗಾಡ್ ಬಿ ವಿತ್ ಯೀ’, ದೇವರು ನಿಮ್ಮ ಜೊತೆಗಿರಲಿ ಅನ್ನುವುದು ಬಾಯಲ್ಲಿ ಸವೆದು ಸವೆದು ಹೀಗಾಯಿತು. ಸವೆದ ರೂಪ 16ನೇ ಶತಮಾನದ ಬರಹಗಳಲ್ಲೇ ಸಿಗುತ್ತದೆ. ಗುಡ್ ಡೇ, ಗುಡ್ ನೈಟ್‌ಗಳ ಸಹವಾಸದಿಂದ ಗಾಡ್ ಹೋಗಿ ಗುಡ್ ಬಂತು. ಆದರೆ ನಿಮಗೆ ಒರಟು ಅನ್ನಿಸಿದ್ದಕ್ಕೂ ಕಾರಣ ಇದೆ. ‘ಯೂ ಕ್ಯಾನ್ ಸೇ ಗುಡ್‌ಬೈ ಟು ಯುವರ್ ಮನಿ’ ಅಂದರೆ ಆ ದುಡ್ಡಿನ ಆಸೆ ಬಿಡು ಅಂತ. ಕೈಬಿಟ್ಟು ಹೋಯಿತು ಅನ್ನುವ ಛಾಯೆ ಅಲ್ಲಿಂದ ಅಂಟಿಕೊಳ್ಳುತ್ತದೆ. ದಿನಾ ಸಂಜೆ ಎದ್ದು ಹೊರಡುವಾಗ ಪೂರ್ತಿ ‘ಗುಡ್‌ಬೈ’ ಅನ್ನುವವರು ಕಡಿಮೆ, ಬೈ ಸಾಕು.

ನಿಘಂಟುಪ್ರಿಯೆ:
ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಕನ್ನಡದಲ್ಲಿ ಹೊರಡುವವರು ಬೀಳ್ಕೊಳ್ಳುತ್ತಾರೆ, ಉಳಿಯುವವರು ಬೀಳ್ಕೊಡುತ್ತಾರೆ. ಇಂಗ್ಲಿಷ್‌ನ ‘ಬಿಡ್ ಫೇರ್‌ವೆಲ್’ ಎರಡಕ್ಕೂ ನಡೆಯುತ್ತದೆ. ಆದರೆ ‘ಸೆಂಡ್-ಆಫ್’ ಉಳಿದವರು ಕೊಡುವುದು ಮಾತ್ರ. ಆದ್ದರಿಂದ ತಿಳಿನೀರು, ‘ಥ್ಯಾಂಕ್ಸ್ ಫಾರ್ ದ ಸೆಂಡ್-ಆಫ್’ ಅಂತ ನೀವು ಬರೆಯಬಹುದು, ‘ಮೈ ಸೆಂಡ್-ಆಫ್ ಟು ಯೂ’ ಅಂತ ಬೇಡ.

ಗಾಳಿಪಟ:
ಹಾಗಾದರೆ ಗುಡ್ ಈವ್ನಿಂಗ್, ಗುಡ್ ನೈಟ್? ರಾತ್ರಿ ಒಂಬತ್ತಕ್ಕೆ ಫೋನ್ ಎತ್ತಿದರೆ ಯಾವುದು?

ಕರಡುತಿದ್ದುವವ:
ಗುಡ್ ಈವ್ನಿಂಗ್. ಎಷ್ಟು ಹೊತ್ತಾಗಿದ್ದರೂ ಸಿಕ್ಕಾಗ ಅದೇ. ಗುಡ್ ನೈಟ್ ಹೊರಡುವಾಗ ಇಲ್ಲವೇ ಮಲಗುವಾಗ. ಫೋನ್ ಎತ್ತಿದ ಕೂಡಲೇ ಗುಡ್ ನೈಟ್ ಅಂದರೆ ಆ ಕಡೆಯವರಿಗೆ ‘ಇಡ್ತೀನಿ’ ಅಂದ ಹಾಗೆ ಕೇಳುತ್ತದೆ.

ತಿಳಿನೀರು:
ತುಂಬಾ ಥ್ಯಾಂಕ್ಸ್. ವಿಷಯದ ಸಾಲು ಹಾಗೇ ಇಟ್ಟೆ. ಗೆಳತಿಗೆ ವಾಷಿಂಗ್ಟನ್ ಕಥೆ ಹೇಳಿದೆ, ಒಪ್ಪಿದಳು. ಕೊನೆಗೆ ‘ವಿಶಿಂಗ್ ಯೂ ಆಲ್ ವೆಲ್, ಅಂಡ್ ಪ್ಲೀಸ್ ಕೀಪ್ ಇನ್ ಟಚ್’ ಅಂತ ಹಾಕಿ ಹೆಸರು ಬರೆದೆ. ಸರೀನಾ?

ಕರಡುತಿದ್ದುವವ:
ಚೆನ್ನಾಗಿದೆ. ಕೀಪ್ ಇನ್ ಟಚ್ ಅಂದಮೇಲೆ ಅದರ ಕೆಳಗೆ ನಿಮ್ಮ ಸ್ವಂತ ಮೇಲ್ ವಿಳಾಸ ಕೊಡಿ. ಶುಕ್ರವಾರ ಸಂಜೆ ಆಫೀಸಿನ ಖಾತೆ ಮುಚ್ಚಿದರೆ ಅಲ್ಲಿಗೆ ಬರೆದ ಉತ್ತರ ನಿಮಗೆ ಸಿಗುವುದಿಲ್ಲ. ಮತ್ತೆ, ಜೊತೆಗೇ ಕೆಲಸ ಮಾಡಬೇಕು ಅಂತಿರುವವರಿಗೆ ಈ ಸಾಮೂಹಿಕ ಮೇಲ್ ಸಾಲದು. ಅವರಿಗೆ ಬೇರೆಯಾಗಿ ಎರಡು ಸಾಲು ಬರೆಯಿರಿ, ಗುರುವಾರವೇ.