ಬಡ್ಸ್ ಹಾಕಿದ ಕಿವಿಯೊಳಗೆ ಕೆರೆತ, ಸಿಪ್ಪೆ, ನೀರು: ಕಿವಿ ಡಾಕ್ಟರನ್ನು ಕೇಳಿ

ಪ್ರಶ್ನೆ (ಬಳ್ಳಾರಿ, ಜೀನ್ಸ್ ಹೊಲಿಗೆ ಕೆಲಸ, ವಯಸ್ಸು 27):

ನಮಸ್ಕಾರ ಡಾಕ್ಟ್ರೇ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ 9ರಿಂದ ಸಂಜೆ 6ರವರೆಗೆ ಮಷಿನ್ ಮುಂದೆ. ಆ ಸದ್ದಿಗೆ ತಲೆ ಚಿಟ್ಟು ಹಿಡಿಯುತ್ತದೆ ಅಂತ ಬಡ್ಸ್ ಹಾಕಿಕೊಂಡಿರುತ್ತೇನೆ. ಒಂದು ತಿಂಗಳಿಂದ ಬಲಗಿವಿ ಒಳಗೆ ವಿಪರೀತ ಕೆರೆತ. ಕಿವಿ ಬಾಯಲ್ಲಿ ಚರ್ಮ ತಲೆಹೊಟ್ಟಿನ ಹಾಗೆ ಉದುರುತ್ತದೆ. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ನೀರಿನ ಕಲೆ. ಮೆಡಿಕಲ್ ಶಾಪ್‌ನಲ್ಲಿ ಹೇಳಿ ಒಂದು ಡ್ರಾಪ್ಸ್ ತಂದೆ. ನಾಲ್ಕು ದಿನ ಆರಾಮಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿಯಾಯಿತು. ಬೇರೆ ಕಂಪನಿ ಬಡ್ಸ್ ತಗೊಂಡರೆ ಸರಿಹೋಗುತ್ತಾ?

ಉತ್ತರ (ಕಿವಿ, ಮೂಗು, ಗಂಟಲು ಡಾಕ್ಟರ್, ಕೊಪ್ಪಳ):

ತಂಗಿ, ಮೊದಲು ನಾನೇ ನಾಲ್ಕು ಮಾತು ಕೇಳುತ್ತೇನೆ. ಬಡ್ಸ್ ಅಂದರೆ ಹಾಡು ಕೇಳುವುದಾ, ಹತ್ತಿ ಸುತ್ತಿದ ಕಡ್ಡಿಯಾ? ಎರಡಕ್ಕೂ ಅದೇ ಹೆಸರು ಹೇಳುತ್ತಾರೆ, ಎರಡರ ಕಥೆ ಬೇರೆ. ಬಲಗಿವಿ ಮಾತ್ರ ಯಾಕೆ? ಕಿವಿ ತೂತಿನ ಮುಂದೆ, ಕೆನ್ನೆ ಪಕ್ಕ, ಸಣ್ಣ ಬಿಲ್ಲೆಯ ಹಾಗೆ ಒಂದು ಮೆತ್ತನೆ ಎಲುಬು ಇದೆಯಲ್ಲ, ಅದನ್ನು ಒತ್ತಿದರೆ ನೋವಾಗುತ್ತಾ? ಕಿವಿ ಮಂದ ಆಗಿದೆಯಾ? ಶುಗರ್ ಇದೆಯಾ? ಡ್ರಾಪ್ಸ್ ಕಂಪನಿ ಹೆಸರು ಬೇಡ, ಒಳಗೆ ಏನು ಔಷಧಿ ಇದೆ ಅಂತ ಬಾಟಲಿ ಮೇಲೆ ಓದಿ ಹೇಳಿ. ಆಮೇಲೆ ಹಾಡು ಕೇಳುವ ಬಡ್ಸಿನ ರಬ್ಬರ್ ಟಿಪ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ.

ಬಳ್ಳಾರಿಯವರು:

ಹಾಡು ಕೇಳುವ ಬಡ್ಸೇ ಸರ್. ಆದರೆ ಕೆರೆತ ಬಂದಾಗ ಹತ್ತಿ ಬಡ್ಸ್ ಹಾಕಿ ತಿರುಗಿಸುತ್ತೇನೆ, ಅದು ಸಿಗದಿದ್ದರೆ ಹೇರ್‌ಪಿನ್. ಸೂಪರ್‌ವೈಸರ್ ಕರೆದರೆ ಕೇಳಬೇಕಲ್ಲ, ಅದಕ್ಕೆ ಒಂದೇ ಕಿವಿಗೆ ಹಾಕುವುದು. ಒತ್ತಿದರೆ ಸ್ವಲ್ಪ ನೋವು. ಕಿವಿಗೆ ಅರಳೆ ತುರುಕಿದ ಹಾಗೆ ಮಂದ. ಶುಗರ್ ಇಲ್ಲ. ಬಾಟಲಿ ಮೇಲೆ ಸಿಪ್ರೊಫ್ಲಾಕ್ಸಾಸಿನ್, ಡೆಕ್ಸಾಮೆಥಾಸೋನ್ ಅಂತ ಇದೆ. ಟಿಪ್ ಬಿಚ್ಚಿ ನೋಡಿ ನನಗೇ ಅಸಹ್ಯ ಆಯಿತು. ಜೀನ್ಸ್ ಬಟ್ಟೆಯ ನೀಲಿ ಧೂಳು, ಗುಗ್ಗೆ ಎರಡೂ ಸೇರಿ ಒಳಗೆ ಮೆತ್ತಿಕೊಂಡಿದೆ. ನಿನ್ನೆ ಹತ್ತಿಗೆ ಬೂದು ಬಣ್ಣದ್ದು ಏನೋ ಅಂಟಿ ಬಂತು. ಅದರ ಮೇಲೆ ಸಾಸಿವೆಗಿಂತ ಸಣ್ಣ ಕರಿ ಚುಕ್ಕಿಗಳಿದ್ದವು.

ಉತ್ತರ:

ನೀವು ಇಷ್ಟು ಸರಿಯಾಗಿ ನೋಡಿ ಹೇಳಿದ್ದು ಒಳ್ಳೆಯದಾಯಿತು. ಆ ಕರಿ ಚುಕ್ಕಿ ದೊಡ್ಡ ಸುಳಿವು. ಕಿವಿ ಒಳಗೆ ನೋಡದೆ ಖಚಿತ ಹೇಳಬಾರದು, ಆದರೆ ಇದು ಬೂಷ್ಟು ಇರಬಹುದು ಅನ್ನಿಸುತ್ತಿದೆ. ಹಳೇ ರೊಟ್ಟಿಗೆ ಹಿಡಿಯುತ್ತದಲ್ಲ, ಅದೇ ಜಾತಿಯದು. ನಾವು ಫಂಗಸ್ ಅನ್ನುತ್ತೇವೆ. ಆಸ್ಪರ್ಜಿಲಸ್ ಅನ್ನುವ ಫಂಗಸ್ ಬೆಳೆದ ಕಿವಿಯೊಳಗೆ ನೋಡಿದರೆ, ನೆನೆದ ಕಾಗದದ ಮೇಲೆ ಕರಿ ಶಾಯಿ ಚುಕ್ಕಿ ಹಾಕಿದ ಹಾಗೆ ಕಾಣುತ್ತದೆ.

ಬಡ್ಸ್ ಬದಲಾಯಿಸಲಾ ಅಂತ ಕೇಳಿದ್ದೀರಿ, ಅಂದರೆ ಬಡ್ಸ್ ಮೇಲೆ ನಿಮಗೆ ಅನುಮಾನ. ಶುರು ಮಾಡಿದ್ದು ಅದೇ ಇರಬಹುದು. ಆದರೆ ಕೆಡಿಸಿದ್ದು ಕಡ್ಡಿ, ಪಿನ್ನು, ಡ್ರಾಪ್ಸ್ ಮೂರೂ ಸೇರಿ. ಇದನ್ನು ಬೈಯಲು ಹೇಳುತ್ತಿಲ್ಲ. ಕೆರೆತ ತಡೆಯುವುದು ಎಷ್ಟು ಕಷ್ಟ ಅಂತ ದಿನಾ ನೋಡುತ್ತೇನೆ. ಆದರೂ ಹೇಗೆ ಕೆಡುತ್ತದೆ ಅಂತ ಗೊತ್ತಾದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ.

ದೊಡ್ಡವರ ಕಿವಿ ತೂತು ಬಾಯಿಂದ ತಮಟೆವರೆಗೆ, ಅಂದರೆ ಒಳಗಿನ ತೆಳು ಪರದೆವರೆಗೆ, ಸುಮಾರು ಎರಡೂವರೆ ಸೆಂಟಿಮೀಟರ್. ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಕೂದಲು, ಗುಗ್ಗೆ. ಒಳಗಿನ ಭಾಗದಲ್ಲಿ ಚರ್ಮ ತೀರಾ ತೆಳ್ಳಗೆ, ಕೆಳಗೆ ನೇರ ಎಲುಬು. ಗುಗ್ಗೆ ಕೊಳೆ ಅಲ್ಲ. ಅದರಲ್ಲಿ ಜಿಡ್ಡು ಇದೆ, ಸ್ವಲ್ಪ ಹುಳಿ ಗುಣ ಇದೆ. ನೀರು ನಿಲ್ಲದ ಹಾಗೆ, ಕ್ರಿಮಿ ಬೆಳೆಯದ ಹಾಗೆ ಅದೇ ಕಾಯುತ್ತದೆ. ಇನ್ನೊಂದು ಸಂಗತಿ ನನಗೆ ಇವತ್ತಿಗೂ ಸೋಜಿಗ. ಕಿವಿಯ ಚರ್ಮ ತಮಟೆ ಕಡೆಯಿಂದ ಹೊರಗೆ ನಿಧಾನವಾಗಿ ಸರಿಯುತ್ತಿರುತ್ತದೆ. ಸಂಡೂರು ಕಡೆ ಅದಿರು ಸಾಗಿಸುವ ಬೆಲ್ಟ್ ನೋಡಿದ್ದೀರಲ್ಲ, ಹಾಗೆ. ಹಳೇ ಗುಗ್ಗೆ, ಧೂಳು ಅದರ ಮೇಲೆ ಕೂತು ತಾನೇ ಬಾಯಿಗೆ ಬರುತ್ತದೆ. ಅಂದರೆ ಕಿವಿ ಕಸ ಗುಡಿಸುವ ಕೆಲಸ ನಮ್ಮದಲ್ಲ.

ಈಗ ಆ ಬಾಯಿಗೆ ದಿನಕ್ಕೆ ಎಂಟು ತಾಸು ರಬ್ಬರ್ ಬಿರಡೆ ಜಡಿದರೆ ಏನಾಗುತ್ತದೆ? ಗಾಳಿ ನಿಂತಿತು. ನಮ್ಮ ಬಳ್ಳಾರಿ, ರಾಯಚೂರು ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಒಳಗೆ ಬೆವರು ಆರುವುದಿಲ್ಲ. ಬಹಳ ಹೊತ್ತು ಬಟ್ಟೆ ಒಗೆದರೆ ಬೆರಳ ತುದಿ ಬೆಳ್ಳಗೆ ನೆನೆದು ಸುಕ್ಕಾಗುತ್ತದಲ್ಲ, ಕಿವಿ ಚರ್ಮವೂ ಹಾಗೇ ಆಗುತ್ತದೆ. ನೆನೆದ ಚರ್ಮಕ್ಕೆ ಟಿಪ್ ತಿಕ್ಕಿತು, ಕೆರೆತ ಬಂತು. ಕಡ್ಡಿ ಹಾಕಿದಿರಿ. ಕಾಯುವ ಗುಗ್ಗೆ ಸ್ವಲ್ಪ ಹೋಯಿತು, ಉಳಿದದ್ದು ಒಳಗೆ ಹೋಗಿ ಕೂತಿತು. ಪಿನ್ನು ಗೀರಿತು. ಗೀರಿದ ಗಾಯ ಒಣಗುವಾಗ ಮತ್ತೆ ಕೆರೆತ, ಮತ್ತೆ ಪಿನ್ನು.

ಡ್ರಾಪ್ಸ್ ಕಥೆ ಕೇಳಿ. ಸಿಪ್ರೊಫ್ಲಾಕ್ಸಾಸಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫಂಗಸ್‌ಗೆ ಏನೂ ಮಾಡುವುದಿಲ್ಲ. ಡೆಕ್ಸಾಮೆಥಾಸೋನ್ ಸ್ಟಿರಾಯ್ಡ್. ಅದು ಕೆರೆತ ಅಡಗಿಸುತ್ತದೆ, ಜೊತೆಗೆ ಚರ್ಮದ ಕಾವಲನ್ನೂ ಮಲಗಿಸುತ್ತದೆ. ಹೊಲದಲ್ಲಿ ಬೆಳೆ ಕಿತ್ತು ಕಳೆಗೆ ನೀರು ಬಿಟ್ಟ ಹಾಗಾಯಿತು. ನಾಲ್ಕು ದಿನ ಆರಾಮ ಅನ್ನಿಸಿದ್ದೂ ಅದಕ್ಕೇ, ಆಮೇಲೆ ಉಲ್ಟಾ ಹೊಡೆದದ್ದೂ ಅದಕ್ಕೇ. ಆ ಔಷಧಿ ಕೆಟ್ಟದ್ದಲ್ಲ, ಬ್ಯಾಕ್ಟೀರಿಯಾ ಸೋಂಕಿಗೆ ನಾನೂ ಬರೆಯುತ್ತೇನೆ. ಆದರೆ ಕಿವಿ ಒಳಗೆ ನೋಡದೆ ಡ್ರಾಪ್ಸ್ ಕೊಡಬಾರದು. ತಮಟೆ ತೂತಾಗಿದ್ದರೆ ಕೆಲವು ಡ್ರಾಪ್ಸ್ ಕೇಳುವ ಶಕ್ತಿಗೇ ಪೆಟ್ಟು ಕೊಡುತ್ತವೆ.

ಹಾಗಾಗಿ ಇವತ್ತಿನಿಂದ ಬಡ್ಸ್, ಕಡ್ಡಿ, ಪಿನ್ನು, ಆ ಡ್ರಾಪ್ಸ್ ಎಲ್ಲ ನಿಲ್ಲಿಸಿ. ಸ್ನಾನ ಮಾಡುವಾಗ ಸ್ವಲ್ಪ ಹತ್ತಿಗೆ ವ್ಯಾಸಲೀನ್ ಹಚ್ಚಿ ಕಿವಿ ಬಾಯಿಗೆ ಇಟ್ಟುಕೊಳ್ಳಿ. ಬಾಯಿಗೆ ಅಷ್ಟೇ, ತುರುಕಬೇಡಿ. ಆದ ಮೇಲೆ ತೆಗೆದುಬಿಡಿ. ಒಂದೆರಡು ದಿನದಲ್ಲಿ ಕಿವಿ ಡಾಕ್ಟರ್ ಹತ್ತಿರ ಹೋಗಿ. ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಕಿವಿ ವಿಭಾಗಕ್ಕೆ ಹೋದರೂ ಆಯಿತು. ಬೂಷ್ಟು ಇದ್ದರೆ ಸಣ್ಣ ನಳಿಕೆಯಿಂದ ಎಳೆದು ತೆಗೆಯುತ್ತಾರೆ. ಅದು ತೆಗೆಯದೆ ಮೇಲೆ ಔಷಧಿ ಹಾಕಿದರೆ ಚರ್ಮಕ್ಕೆ ಮುಟ್ಟುವುದೇ ಇಲ್ಲ. ಆಮೇಲೆ ಫಂಗಸ್‌ನ ಡ್ರಾಪ್ಸ್ ಕೊಡುತ್ತಾರೆ. ಕಂಪನಿ ಬದಲಾಯಿಸುವ ಮಾತು ಕಿವಿ ವಾಸಿಯಾದ ಮೇಲೆ.

ಗುಂಪಿನ ಹಿರಿಯರೊಬ್ಬರು (ಗಂಗಾವತಿ):

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಎರಡು ಹನಿ ಬಿಡುತ್ತಿದ್ದರು. ಎಲ್ಲರಿಗೂ ವಾಸಿಯಾಗುತ್ತಿತ್ತು. ಈ ಹುಡುಗಿಗೂ ಹೇಳಿ.

ಉತ್ತರ:

ಕಾಕಾ, ಒಣಗಿದ ಕಿವಿಗೆ ಎಣ್ಣೆ ಬಿಟ್ಟರೆ ಜಿಡ್ಡು ಸಿಕ್ಕಿ ಹಾಯ್ ಅನ್ನಿಸುತ್ತದೆ, ಅದು ನಿಜ. ಆದರೆ ಸೋರುವ ಕಿವಿಗೆ ಬೇಡ. ತಮಟೆ ತೂತಿದ್ದರೆ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ಬೂಷ್ಟು ಇದ್ದರೆ ಎಣ್ಣೆಯ ತೇವ ಅದಕ್ಕೇ ಅನುಕೂಲ. ಬಿಸಿ ಅಂದಾಜು ತಪ್ಪಿ ಒಳಗೆ ಬೊಬ್ಬೆ ಎದ್ದ ಮಕ್ಕಳನ್ನೂ ನೋಡಿದ್ದೇನೆ. ದಯವಿಟ್ಟು ಈ ತಂಗಿಗೆ ಎಣ್ಣೆ ಹೇಳಬೇಡಿ.

ಪ್ರಶ್ನೆ (ರಾಯಚೂರು, ಇಂಜಿನಿಯರಿಂಗ್ ವಿದ್ಯಾರ್ಥಿ):

ಸರ್, ನನಗೆ ಒಳಗೆ ಏನಿಲ್ಲ. ಹೊರಗಿನ ಬಟ್ಟಲಿನಲ್ಲಿ, ಇಯರ್‌ಫೋನ್ ಕೂರುವ ಜಾಗದಲ್ಲಿ, ಎರಡೂ ಕಿವಿಗೆ ಕೆಂಪಗೆ ಗಂಧೆ ಏಳುತ್ತದೆ. ಸಣ್ಣ ನೀರು ಗುಳ್ಳೆ ಬಂದು ಒಡೆದು ಹಕ್ಕಳೆ ಕಟ್ಟುತ್ತದೆ. ಹಾಕಿದ ದಿನ ಏನೂ ಆಗಲ್ಲ, ಮಾರನೇ ದಿನ ಬರುತ್ತದೆ. ಅದಕ್ಕೇ ಇಯರ್‌ಫೋನ್ ಕಾರಣ ಅಲ್ಲ ಅಂದುಕೊಂಡಿದ್ದೆ.

ಉತ್ತರ:

ತಮ್ಮಾ, ಮಾರನೇ ದಿನ ಬರುವುದೇ ಅದರ ಗುರುತು. ಚರ್ಮದ ಈ ಅಲರ್ಜಿ ತಡವಾಗಿ ಎದ್ದು ಬರುತ್ತದೆ, ಒಂದು ದಿನ, ಎರಡು ದಿನ ಬಿಟ್ಟು. ಹಾಗಾಗಿ ಯಾರೂ ಇಯರ್‌ಫೋನ್ ಮೇಲೆ ಅನುಮಾನ ಪಡುವುದಿಲ್ಲ. ಒಂದು ಮಾತು ಹೇಳಿ, ಬೆಲ್ಟಿನ ಬಕಲ್, ಪ್ಯಾಂಟಿನ ಲೋಹದ ಗುಂಡಿ ತಾಗುವ ಕಡೆ ಹೊಕ್ಕುಳ ಕೆಳಗೆ ಯಾವಾಗಾದರೂ ಕೆರೆತ ಬಂದಿದೆಯಾ?

ರಾಯಚೂರಿನವರು:

ಹೌದು ಸರ್! ಬೇಸಿಗೆಯಲ್ಲಿ ಅಲ್ಲಿ ಕಪ್ಪಗೆ ದಪ್ಪ ಆಗುತ್ತದೆ. ಅದು ಬೆವರು ಸಾಲೆ ಅಂದುಕೊಂಡಿದ್ದೆ.

ಉತ್ತರ:

ಹಾಗಾದರೆ ನಿಕಲ್ ಮೇಲೆ ಅನುಮಾನ. ಅಗ್ಗದ ಲೋಹದ ಸಾಮಾನಿನಲ್ಲಿ ನಿಕಲ್ ಇರುತ್ತದೆ, ಬೆವರು ಅದನ್ನು ಬಿಡಿಸಿ ಚರ್ಮಕ್ಕೆ ಕೊಡುತ್ತದೆ. ನಿಮ್ಮ ಇಯರ್‌ಫೋನಿನಲ್ಲಿ ಲೋಹದ ಬಳೆ, ಜಾಲರಿ ಇದೆಯಾ ನೋಡಿ. ಲೋಹ ಇಲ್ಲದಿದ್ದರೆ ಪ್ಲಾಸ್ಟಿಕ್, ಅಂಟಿನಲ್ಲಿ ಉಳಿದ ಅಕ್ರಿಲೇಟ್ ಅನ್ನುವ ರಾಸಾಯನಿಕ ಇರಬಹುದು. ಸಿಲಿಕೋನ್ ಟಿಪ್‌ಗೆ ಅಲರ್ಜಿ ಬಹಳ ಅಪರೂಪ. ಸುಮ್ನೆ ಟಿಪ್ ಮಾತ್ರ ಬದಲಾಯಿಸಿ "ಆದರೂ ಹೋಗಲಿಲ್ಲ" ಅನ್ನುವವರು ಇಲ್ಲೇ ತಪ್ಪುವುದು. ಶಾಂಪೂ, ಕೂದಲ ಬಣ್ಣ ಕಿವಿ ಬಟ್ಟಲಲ್ಲಿ ಉಳಿದರೂ ಇದೇ ಥರ ಕಾಣುತ್ತದೆ, ಅದನ್ನೂ ಯೋಚಿಸಿ.

ಮೂರು ವಾರ ಪೂರ್ತಿ ಬಿಡಿ. ಆಮೇಲೂ ಹೋಗದಿದ್ದರೆ, ಅಥವಾ ಮತ್ತೆ ಹಾಕಿದ ಮೇಲೆ ತಿರುಗಿ ಬಂದರೆ ಚರ್ಮದ ಡಾಕ್ಟರ್ ಹತ್ತಿರ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿನ ಮೇಲೆ ಬೇರೆ ಬೇರೆ ವಸ್ತುವಿನ ಸಣ್ಣ ಪಟ್ಟಿ ಅಂಟಿಸುತ್ತಾರೆ. 48 ತಾಸು ಬಿಟ್ಟು ಬಿಚ್ಚಿ ನೋಡುತ್ತಾರೆ, ಇನ್ನೆರಡು ದಿನ ಬಿಟ್ಟು ಇನ್ನೊಮ್ಮೆ. ಅಷ್ಟು ದಿನ ಬೆನ್ನಿಗೆ ನೀರು, ಬೆವರು ಸೋಕಬಾರದು, ಹಾಗಾಗಿ ಏಪ್ರಿಲ್, ಮೇ ಬಿಟ್ಟು ಮಾಡಿಸಿಕೊಳ್ಳಿ. ಕಾರಣ ಗೊತ್ತಾದರೆ ಬಕಲ್ ಸಮಸ್ಯೆಯೂ ಜೊತೆಗೇ ಮುಗಿಯುತ್ತದೆ.

ಪ್ರಶ್ನೆ (ತೋರಣಗಲ್ಲು, ಫ್ಯಾಕ್ಟರಿ ಕೆಲಸ):

ಶಿಫ್ಟ್‌ನಲ್ಲಿ ಸ್ಪಂಜಿನ ಇಯರ್‌ಪ್ಲಗ್ ಹಾಕುತ್ತೇವೆ. ನನಗೂ ಕೆರೆತ. ಬಿಟ್ಟುಬಿಡಲಾ?

ಉತ್ತರ:

ಬಿಡಬೇಡಿ ಅಣ್ಣಾ. ಕೆರೆತ ವಾಸಿಯಾಗುತ್ತದೆ, ಸದ್ದಿಗೆ ಹೋದ ಕಿವಿ ವಾಪಸ್ ಬರುವುದಿಲ್ಲ. ಹೊರಗಿನಿಂದ ಮುಚ್ಚುವ ಇಯರ್‌ಮಫ್ ಕೇಳಿ ತಗೊಳ್ಳಿ. ಅಲ್ಲಿಯವರೆಗೆ ಕೈ ತೊಳೆದೇ ಪ್ಲಗ್ ಉರುಟು ಮಾಡಿ ಹಾಕಿ. ಮಣ್ಣು, ಗ್ರೀಸ್ ಕೈಯಲ್ಲಿ ಬೇಡ. ಒಮ್ಮೆ ಬಳಸಿ ಬಿಸಾಡುವ ಪ್ಲಗ್ ಆಗಿದ್ದರೆ ವಾರಗಟ್ಟಲೆ ಅದನ್ನೇ ಹಾಕಬೇಡಿ.

ಪ್ರಶ್ನೆ (ಸಿಂಧನೂರು):

ಡಾಕ್ಟ್ರೇ, ನಮ್ಮ ಅಪ್ಪಾಜಿಗೆ 64. ಶುಗರ್ 15 ವರ್ಷದಿಂದ ಇದೆ. ಮೊಬೈಲ್‌ಗೆ ವೈರ್ ಹಾಕಿ ಭಜನೆ ಕೇಳುತ್ತಾರೆ. ಮೊದಲು ಕೆರೆತ ಇತ್ತು. ಈಗ ಎರಡು ವಾರದಿಂದ ಎಡಗಿವಿ ನೋವು, ರಾತ್ರಿ ನಿದ್ದೆಯೇ ಇಲ್ಲ. ಕೀವು ವಾಸನೆ. ಮಳೆ ನಿಂತ ಮೇಲೆ ಕರೆದುಕೊಂಡು ಹೋಗೋಣ ಅಂತ ಇದ್ದೇವೆ.

ಉತ್ತರ:

ಅಮ್ಮಾ, ಮಳೆ ನಿಲ್ಲುವವರೆಗೆ ಕಾಯಬೇಡಿ, ಇವತ್ತೇ ಹೊರಡಿ. ಶುಗರ್ ಇರುವವರಲ್ಲಿ ಕಿವಿ ಚರ್ಮದ ಸೋಂಕು ಕೆಳಗಿನ ಎಲುಬಿಗೆ ಇಳಿಯಬಹುದು. ಸೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕಾರಣ. ರಾತ್ರಿ ನಿದ್ದೆ ಕೆಡಿಸುವ ನೋವು ಅದರ ಮುಖ್ಯ ಲಕ್ಷಣ. ಬಿಟ್ಟರೆ ಮುಖದ ನರಕ್ಕೆ ಹೋಗಿ ಬಾಯಿ ಒಂದು ಕಡೆ ಸೊಟ್ಟ ಆಗಬಹುದು. ಡ್ರಾಪ್ಸ್‌ಗೆ ಬಗ್ಗುವುದಲ್ಲ, ವಾರಗಟ್ಟಲೆ ಔಷಧಿ ಬೇಕಾಗುತ್ತದೆ, ಸ್ಕ್ಯಾನ್ ಬೇಕಾಗಬಹುದು. ರಾಯಚೂರಿನ ದೊಡ್ಡ ಆಸ್ಪತ್ರೆಗೇ ಹೋಗಿ. ಶುಗರ್ ಚೀಟಿ, ಈಗ ತಗೊಳ್ಳುವ ಮಾತ್ರೆಗಳ ಪಟ್ಟಿ ಜೊತೆಗಿರಲಿ. ಹೊರಟ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ಸಿಂಧನೂರಿನವರು:

ಗಾಡಿ ಹೇಳಿದ್ದೇವೆ ಸರ್. ಅರ್ಧ ತಾಸಿನಲ್ಲಿ ಹೊರಡುತ್ತೇವೆ.

ಬಳ್ಳಾರಿಯವರು (12 ದಿನದ ನಂತರ):

ಸರ್, ನೀವು ಹೇಳಿದ್ದು ಸರಿ ಇತ್ತು. ದೊಡ್ಡಾಸ್ಪತ್ರೆಯಲ್ಲಿ ದುರ್ಬೀನು ಇಟ್ಟು ನೋಡಿ ಫಂಗಸ್ ಅಂದರು. ನಳಿಕೆ ಹಾಕಿ ಎಳೆದಾಗ ಗಾಳಿ ಸದ್ದಿಗೆ ಹೆದರಿದೆ, ತಲೆ ಸುತ್ತಿದ ಹಾಗಾಯಿತು, ಒಂದು ನಿಮಿಷದಲ್ಲಿ ಮುಗಿಯಿತು. ಅಂಗಡಿ ಹಾದಿಯ ಆಟೋ ಹಾರ್ನ್ ಮತ್ತೆ ಸ್ಪಷ್ಟ ಕೇಳಿತು. ಕ್ಲೋಟ್ರಿಮಜೋಲ್ ಡ್ರಾಪ್ಸ್ ಕೊಟ್ಟಿದ್ದಾರೆ. ಕೆರೆತ ಹೋಗಿದೆ. ಡ್ರಾಪ್ಸ್ ನಿಲ್ಲಿಸಲಾ? ಮತ್ತೆ ಯಾವಾಗ ಬಡ್ಸ್ ಹಾಕಬಹುದು?

ಉತ್ತರ:

ಓದಿ ಸಮಾಧಾನ ಆಯಿತು ತಂಗಿ. ಡ್ರಾಪ್ಸ್ ನಿಲ್ಲಿಸಬೇಡಿ. ಕೆರೆತ ಮೊದಲು ಹೋಗುತ್ತದೆ, ಫಂಗಸ್ ಆಮೇಲೆ. ಅವರು ಎಷ್ಟು ದಿನ ಬರೆದಿದ್ದಾರೋ ಅಷ್ಟೂ ಹಾಕಿ, ಮತ್ತೆ ತೋರಿಸಿ. ಅವರು ಒಣಗಿದೆ ಅಂದ ಮೇಲೆ ಬಡ್ಸ್ ಮಾತು.

ಆಗಲೂ ಎಂಟು ತಾಸು ಬೇಡ. ಮುಕ್ಕಾಲು ತಾಸು ಹಾಕಿ, ತೆಗೆದು, ಕಿವಿಗೆ ಗಾಳಿ ಬಿಡಿ. ಬಡ್ಸ್ ಡಬ್ಬಿಯಲ್ಲಿ ಮೂರು ಅಳತೆಯ ಟಿಪ್ ಬಂದಿರುತ್ತವೆ. ಹೆಚ್ಚಿನವರು ಮೊದಲೇ ಹಾಕಿದ್ದ ನಡುವಿನ ಅಳತೆಯಲ್ಲೇ ಇರುತ್ತಾರೆ. ನಿಮಗೆ ಬಿಗಿ ಅನ್ನಿಸಿದರೆ ಚಿಕ್ಕದು ಹಾಕಿ. ಸಿಲಿಕೋನ್ ಟಿಪ್ ದಿನಾ ಸಂಜೆ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಈಗಿರುವ ಹಳೇ ಟಿಪ್ ಜೋಡಿ ಬಿಸಾಡಿ. ಸಾಧ್ಯವಾದರೆ ಮಷಿನ್ ಹಲಗೆ ಮೇಲೆ ಒಂದು ಸಣ್ಣ ಸ್ಪೀಕರ್ ಇಟ್ಟುಕೊಳ್ಳಲು ಬಿಡುತ್ತಾರಾ ಕೇಳಿ. ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋಗುವುದೂ ತಪ್ಪುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 80 ಡೆಸಿಬೆಲ್ ಸದ್ದಾದರೆ ವಾರಕ್ಕೆ 40 ತಾಸು, ಅದಕ್ಕಿಂತ ಜೋರಾದರೆ ಹೊತ್ತು ಕಡಿಮೆ ಮಾಡಬೇಕು.

ಒಂದು ಉಳಿದಿತ್ತು. ನೀವು ಬಲಗಿವಿಗೆ ಮಾತ್ರ ಹಾಕುತ್ತೇನೆ ಅಂದಿರಿ. ಎಡಗಡೆ ಬಡ್ ಡಬ್ಬಿಯಲ್ಲೇ ಇರುತ್ತಾ?

ಬಳ್ಳಾರಿಯವರು:

ಇಲ್ಲ ಸರ್. ಅದು ಪಕ್ಕದ ಮಷಿನ್ ಅಕ್ಕನ ಕಿವಿಯಲ್ಲಿ. ಇಬ್ಬರೂ ಒಂದೇ ಹಾಡು ಕೇಳುತ್ತೇವೆ. ಟಿಪ್ ಕಳಚಿದಾಗ ನಂದು ಅವರದಕ್ಕೆ, ಅವರದು ನಂದಕ್ಕೆ ಹಾಕಿದ್ದೂ ಇದೆ.

ಉತ್ತರ:

ಅಕ್ಕನ ಎಡಗಿವಿ ಹೇಗಿದೆ ಕೇಳಿ.

ಬಳ್ಳಾರಿಯವರು:

ಈಗಲೇ ಕೇಳಿದೆ. ಎರಡು ವಾರದಿಂದ ಕೆರೆತವಂತೆ. ನಾನು ತಂದಿದ್ದ ಆ ಹಳೇ ಡ್ರಾಪ್ಸನ್ನೇ ಅವರೂ ಹಾಕಿಕೊಳ್ಳುತ್ತಿದ್ದರು. ಬಾಟಲಿ ಕಸಕ್ಕೆ ಹಾಕಿಸಿದೆ. ಸೋಮವಾರ ನನ್ನ ಜೊತೆ ಅವರನ್ನೂ ಕರೆದುಕೊಂಡು ಹೋಗುತ್ತೇನೆ ಸರ್.